ನಾಲ್ಕನೇ ಮಹಡಿಯ ಬೀದಿ

ಬಚ್ಚಲಲ್ಲಿ ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡು ನಿಂತಿದ್ದೆ. ಕಿಟಕಿಯ ಹೊರಗೆ ಒಂದು ಟೋಪಿ ಹಾದುಹೋಯಿತು. ನಮ್ಮ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ. ಅಷ್ಟು ಎತ್ತರದಲ್ಲಿ ಕಿಟಕಿಯ ಹೊರಗೆ ಟೋಪಿಗಳು ಓಡಾಡುವ ಪದ್ಧತಿ ನೇಪಲ್ಸ್ ಪಕ್ಕದ ನಮ್ಮ ಪೊರ್ತಿಚಿಯಲ್ಲಿ ಇಲ್ಲ. ರೇಜರು ಹಿಡಿದೇ ಬಗ್ಗಿ ನೋಡಿದೆ. ಮುಂದೆ ಹೋಗಿದ್ದ ಟೋಪಿ ಹಿಂದಕ್ಕೆ ಬಂತು. ಅದರ ಕೆಳಗೆ ಎದುರು ಮನೆಯ ದರ್ಜಿ ಹೆಂಗಸು ದೊನ್ನಾ ಎರ್ಸಿಲಿಯಾಳ ಮುಖವಿತ್ತು.

“ದೊನ್ ಎತ್ತೊರೆ, ಎಡಗಿವಿ ಕೆಳಗೆ ಕೂದಲು ಬಿಟ್ಟಿದ್ದೀರಿ ನೋಡಿ. ಆ ಬನಿಯನ್ನೂ ಹರಿದಿದೆ. ಭಾನುವಾರ ಸಂಜೆ ಮನುಷ್ಯ ಹೀಗಾ ಕಾಣಿಸ್ಕೊಳ್ಳೋದು?”

“ನಾನು ಯಾರಿಗೂ ಕಾಣಿಸ್ಕೊಳ್ತಿರಲಿಲ್ಲ ತಾಯಿ! ಇದು ನನ್ನ ಬಚ್ಚಲು!”

“ಇರಬಹುದು. ಆದ್ರೆ ಇದು ಬೀದಿ,” ಎಂದು ಆಕೆ ಕಾಲಡಿಯ ಹಲಗೆಯನ್ನು ಕೊಡೆಯ ತುದಿಯಿಂದ ತಟ್ಟಿದಳು. ಕೈಚೀಲವನ್ನು ಮೊಣಕೈಗೆ ಏರಿಸಿಕೊಂಡು ಸಮುದ್ರದ ಕಡೆಗೆ ಹೊರಟುಹೋದಳು.

ಈ ಬೀದಿಯನ್ನು ಕಟ್ಟಿಸಿಕೊಟ್ಟದ್ದು ಇಟಲಿ ಸರ್ಕಾರ, ಒತ್ತಾಸೆಗೆ ನಿಂತದ್ದು ಯುರೋಪು. ಇಬ್ಬರಿಗೂ ತಾವು ಬೀದಿ ಕಟ್ಟಿಸುತ್ತಿದ್ದೇವೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಖಂಡಿತ ಕಟ್ಟಿಸುತ್ತಿರಲಿಲ್ಲ.

ಎರ್ಸಿಲಿಯಾ ಮತ್ತು ಆಕೆಯ ಅಕ್ಕ ಜಿನೆವ್ರಾ ಮದುವೆಯಾಗದೆ ಉಳಿದವರು. ಅರ್ಧ ಊರಿನ ಪ್ಯಾಂಟುಗಳ ಉದ್ದ ತೀರ್ಮಾನಿಸಿದವರು. ಅಕ್ಕ ಕತ್ತರಿಸುತ್ತಿದ್ದಳು, ತಂಗಿ ಹೊಲಿಯುತ್ತಿದ್ದಳು. ಗಿರಾಕಿಯ ಸೊಂಟದ ಬಗ್ಗೆ ಇಬ್ಬರೂ ಗಿರಾಕಿಯ ಎದುರಿಗೇ ಚರ್ಚೆ ಮಾಡುತ್ತಿದ್ದರು. ಭಾನುವಾರ ಸಂಜೆ ಮಾತ್ರ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ತಾವೇ ಹೊಲಿದ ಒಳ್ಳೆಯ ಉಡುಪು ತೊಟ್ಟು, ತೋಳಿಗೆ ತೋಳು ಸೇರಿಸಿ ಮುಖ್ಯಬೀದಿಗೆ ತಿರುಗಾಟಕ್ಕೆ ಇಳಿಯುತ್ತಿದ್ದರು. ಆ ತುದಿಯಿಂದ ಈ ತುದಿಗೆ, ಮತ್ತೆ ಈ ತುದಿಯಿಂದ ಆ ತುದಿಗೆ. ಯಾರ ಕೋಟಿನ ತೋಳು ಗಿಡ್ಡವಾಗಿದೆ, ಯಾರ ಗಂಡ ಯಾರ ಪಕ್ಕದಲ್ಲಿ ನಡೆಯುತ್ತಿಲ್ಲ, ಎಲ್ಲ ನೋಡಿಕೊಂಡು, ತಮ್ಮನ್ನೂ ಎಲ್ಲರಿಗೆ ತೋರಿಸಿಕೊಂಡು ಬರುತ್ತಿದ್ದರು. ವಾರವಿಡೀ ಬಗ್ಗಿ ದುಡಿದವರಿಗೆ ಆ ಒಂದು ಗಂಟೆ ಬೆನ್ನು ನೆಟ್ಟಗಾಗುತ್ತಿತ್ತು.

ಮಹಾಮಾರಿ ಬಂದ ಮೊದಲ ವಸಂತದಲ್ಲಿ ಜಿನೆವ್ರಾಳಿಗೆ ಉಸಿರು ಕಟ್ಟಿತು. ಬಿಳಿ ಅಂಗಿಯೊಳಗೆ ಮುಚ್ಚಿಹೋಗಿದ್ದ ಇಬ್ಬರು ಬಂದು ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿ ಮೆಟ್ಟಿಲಿಳಿಸಿಕೊಂಡು ಹೋದರು. ನಮ್ಮ ಕಟ್ಟಡದಲ್ಲಿ ಲಿಫ್ಟು ಇಲ್ಲ. ತಂಗಿ ಜೊತೆಗೆ ಹೋಗುವ ಹಾಗಿರಲಿಲ್ಲ, ಬಾಗಿಲಲ್ಲೇ ನಿಲ್ಲಬೇಕಿತ್ತು. ನಾನೂ ನನ್ನ ಬಾಗಿಲಲ್ಲಿ ನಿಂತಿದ್ದೆ. ಜಿನೆವ್ರಾ ಮತ್ತೆ ಬರಲಿಲ್ಲ. ಆಸ್ಪತ್ರೆಯಿಂದ ನೇರ ಸ್ಮಶಾನ. ಮಣ್ಣು ಹಾಕಲೂ ಯಾರನ್ನೂ ಬಿಡಲಿಲ್ಲ.

ಅವತ್ತಿನಿಂದ ಎರ್ಸಿಲಿಯಾ ಆ ಮೆಟ್ಟಿಲ ಮೇಲೆ ಕಾಲಿಡಲಿಲ್ಲ. ಊರು ಬಾಗಿಲು ತೆರೆಯಿತು, ಅಂಗಡಿಗಳು ತೆರೆದವು, ಮುಖ್ಯಬೀದಿಯಲ್ಲಿ ಜನ ಮತ್ತೆ ನಡೆಯತೊಡಗಿದರು. ಈಕೆ ಮಾತ್ರ ಇಳಿಯಲಿಲ್ಲ. ಕೇಳಿದವರಿಗೆಲ್ಲ “ಮಂಡಿ ನೋವು” ಎನ್ನುತ್ತಿದ್ದಳು. ಪ್ಯಾಂಟುಗಳು ಮೇಲೆ ಬರುತ್ತಿದ್ದವು, ಕೆಳಗೆ ಹೋಗುತ್ತಿದ್ದವು. ಸಾಮಾನು ನಾನು ತಂದುಕೊಡುತ್ತಿದ್ದೆ. ಅದೇ ಮಂಡಿಯಲ್ಲಿ ಆಕೆ ಮನೆಯೊಳಗೆ ಕುರ್ಚಿ ಹತ್ತಿ ಪರದೆ ಕಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳುವ ಧೈರ್ಯವಿರಲಿಲ್ಲ.

ಹೀಗಿರುವಾಗ ಸರ್ಕಾರಕ್ಕೆ ನಮ್ಮ ಗೋಡೆಗಳ ಮೇಲೆ ಪ್ರೀತಿ ಹುಟ್ಟಿತು. ಕಟ್ಟಡದ ವ್ಯವಹಾರ ನೋಡಿಕೊಳ್ಳುವ ಲೆಕ್ಕಿಗ ಕಪೆಚೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದ. ಮುಖಕ್ಕೆ ಮಾಸ್ಕು, ಮಧ್ಯೆ ಒಂದೊಂದು ಕುರ್ಚಿಯ ಅಂತರ. ಎರ್ಸಿಲಿಯಾ ಮೇಲಿನ ಕಿಟಕಿಯಿಂದಲೇ ಸಭೆಗೆ ಹಾಜರಾದಳು. ಕಟ್ಟಡದ ಗೋಡೆಗೆ ಚಳಿ ತಡೆಯುವ ಹೊದಿಕೆ ಹಾಕಿಸಿದರೆ ಖರ್ಚಿನ ನೂರಕ್ಕೆ ನೂರ ಹತ್ತು ಪಾಲು ಸರ್ಕಾರವೇ ತುಂಬಿಕೊಡುತ್ತದೆ ಎಂದು ಕಪೆಚೆ ವಿವರಿಸಿದ.

“ಸ್ವಲ್ಪ ತಡೀರಿ,” ಮೇಲಿನಿಂದ ದನಿ ಬಂತು. “ನಾನು ಒಂದು ಕಿಲೋ ಮೊಝರೆಲ್ಲಾ ಚೀಸು ತಗೊಂಡ್ರೆ, ಸರ್ಕಾರ ಆ ದುಡ್ಡು ವಾಪಸ್ ಕೊಟ್ಟು, ಮೇಲೆ ನೂರು ಗ್ರಾಂ ಮೊಝರೆಲ್ಲಾ ಪುಕ್ಕಟೆ ಕೊಡುತ್ತೆ ಅಂತೀರಾ?”

“ಹೆಚ್ಚುಕಮ್ಮಿ ಹಾಗೇ ದೊನ್ನಾ ಎರ್ಸಿಲಿಯಾ.”

“ನಿಮಗೆ ಜ್ವರಗಿರ ಇಲ್ಲ ತಾನೇ? ಈ ಕಾಲದಲ್ಲಿ ಹೇಳೋಕಾಗಲ್ಲ.”

“ಕಾನೂನೇ ಮಾಡಿದ್ದಾರೆ ಕಣ್ರಮ್ಮ! ದೇಶವೆಲ್ಲ ಬಾಗಿಲು ಹಾಕ್ಕೊಂಡು ಕೂತಿತ್ತಲ್ಲ, ಈಗ ಕೆಲಸ ಓಡಬೇಕು. ಗಾರೆಯವನಿಗೆ ಕೂಲಿ ಸಿಗುತ್ತೆ, ಅವನು ಕಾಫಿ ಬಾರಿಗೆ ಹೋಗ್ತಾನೆ, ಬಾರಿನವನು ನಿಮ್ಮ ಹತ್ರ ಹೊಸ ಪ್ಯಾಂಟು ಹೊಲಿಸ್ತಾನೆ.”

“ಬಾರಿನವನಿಗೆ ನೇರವಾಗಿ ಒಂದು ಪ್ಯಾಂಟು ಕೊಡಿಸಿದ್ರೆ ಅಗ್ಗವಾಗ್ತಿರಲಿಲ್ವಾ? ಹೋಗ್ಲಿ, ದುಡ್ಡು ಯಾರದು?”

“ಒಂದಷ್ಟು ರೋಮಿನದು, ಒಂದಷ್ಟು ಯುರೋಪಿನದು. ಎಲ್ಲಾ ದೇಶದವರೂ ಸೇರಿ ಸಾಲ ಎತ್ತಿದ್ದಾರೆ.”

“ಡಚ್ಚರೂ ಸೇರಿನಾ?”

“ಅವರೂ ಸೇರಿ.”

“ಅಯ್ಯೋ ಪಾಪ! ಹೋಟ್ಲಲ್ಲಿ ಗಂಡನ ಬಿಲ್ಲು ಬೇರೆ, ಹೆಂಡ್ತಿ ಬಿಲ್ಲು ಬೇರೆ ಕೊಡೋ ಜನ ಅವರು. ಆಗ್ಲಿ, ನನ್ನ ಒಪ್ಪಿಗೆ ಇದೆ. ಅವರ ಮನಸ್ಸು ಬದಲಾಗೋ ಮೊದ್ಲು ಕೆಲಸ ಮುಗಿಸಿ.”

ಎಲ್ಲರೂ ನಕ್ಕರು, ಎಲ್ಲರೂ ಕೈ ಎತ್ತಿದರು. ಪುಕ್ಕಟೆ ಎಂದರೆ ಯಾರು ಬೇಡವೆನ್ನುತ್ತಾರೆ? ಜನ್ಮದಲ್ಲಿ ತೆರಿಗೆಯನ್ನು ನೆಟ್ಟಗೆ ಕಟ್ಟದವರೂ ಸರ್ಕಾರದ ದೂರದೃಷ್ಟಿಯನ್ನು ಹೊಗಳಿದರು.

ಆದರೆ ಇಡೀ ಇಟಲಿ ಒಟ್ಟಿಗೇ ಕೈ ಎತ್ತಿತ್ತು. ಗಾರೆಯವರು ಸಿಗಲಿಲ್ಲ, ಕಬ್ಬಿಣ ಸಿಗಲಿಲ್ಲ, ಸಿಕ್ಕಿದ್ದಕ್ಕೆ ಬೆಲೆ ಕೇಳುವ ಹಾಗಿರಲಿಲ್ಲ. ಬೆಲೆ ಎಷ್ಟಾದರೂ ಸರ್ಕಾರವೇ ಕೊಡುತ್ತದಲ್ಲ ಎಂದು ಯಾರೂ ಚೌಕಾಸಿ ಮಾಡಲಿಲ್ಲ. ನೇಪಲ್ಸ್ ಕಡೆಯವರು ಚೌಕಾಸಿ ಮಾಡದೆ ಒಂದು ವಸ್ತು ಕೊಂಡದ್ದು ಚರಿತ್ರೆಯಲ್ಲಿ ಅದೇ ಮೊದಲು ಇರಬೇಕು. ಕೊನೆಗೆ ಕಪೆಚೆ ಹುಡುಕಿ ತಂದ ಗುತ್ತಿಗೆದಾರನ ಹೆಸರು ವಿತಿಯೆಲ್ಲೊ. ಅವನು ಅಲ್ಲಿಯವರೆಗೆ ಸಮುದ್ರದ ದಡದಲ್ಲಿ ಬಿಸಿಲುಕೊಡೆ ಬಾಡಿಗೆಗೆ ಕೊಡುತ್ತಿದ್ದ. ಕೋಲು ನೆಡುವುದರಲ್ಲಿ ಅನುಭವಸ್ಥ. ಕಟ್ಟಡದ ಮೂರು ಕಡೆಗೂ ಕಬ್ಬಿಣದ ಕೊಳವೆಗಳ ಸಾರುವೆ ಎಬ್ಬಿಸಿ, ಪ್ರತಿ ಮಹಡಿಗೂ ಹಲಗೆ ಹಾಸಿ, ಹೊರಗಿನಿಂದ ಹಸಿರು ಬಲೆ ಮುಚ್ಚಿದ. ಎರಡು ಗೋಡೆಗಳ ಹಳೆಯ ಗಾರೆ ಕೆರೆದು ಹಾಕಿದ. ಅಷ್ಟರಲ್ಲಿ ರೋಮಿನಲ್ಲಿ ಯಾರೋ ಕೂತು ಲೆಕ್ಕ ಹಾಕಿದರು. ಹಾಕಿ ಎದೆ ಹಿಡಿದುಕೊಂಡರು.

ವಿತಿಯೆಲ್ಲೊನಿಗೆ ಸರ್ಕಾರ ಕೊಡುತ್ತಿದ್ದದ್ದು ನಗದಲ್ಲ, ತೆರಿಗೆಯಲ್ಲಿ ಮುರಿದುಕೊಳ್ಳುವ ಹಕ್ಕು. ಆ ಹಕ್ಕನ್ನು ಬ್ಯಾಂಕು ಕೊಂಡು ಅವನ ಕೈಗೆ ಕಾಸು ಕೊಡಬೇಕಿತ್ತು. ದೇಶದ ತುಂಬ ಅಂಥ ಹಕ್ಕುಗಳು ರಾಶಿ ಬಿದ್ದಾಗ ಬ್ಯಾಂಕುಗಳು ಸಾಕು ಎಂದವು. ಇನ್ನು ಮುಂದೆ ಮಾರುವ ಹಾಗಿಲ್ಲ ಎಂದು ಸರ್ಕಾರವೂ ಬಾಗಿಲು ಹಾಕಿತು. ಕೊಟ್ಟದ್ದು ಅತಿಯಾಯಿತು ಎಂದು ಯುರೋಪಿನ ಕಚೇರಿಗಳಿರುವ ಬ್ರಸೆಲ್ಸಿನಲ್ಲಿ ಹುಬ್ಬು ಗಂಟಿಕ್ಕಿದರು. ಒಂದು ಬೆಳಿಗ್ಗೆ ಕೆಲಸಗಾರರು ಬರಲಿಲ್ಲ. ಮರುದಿನವೂ ಬರಲಿಲ್ಲ. ವಿತಿಯೆಲ್ಲೊನ ಫೋನು ಹಾಡುತ್ತಿತ್ತು, ಎತ್ತುವವರಿಲ್ಲ. ಸಾರುವೆ ಮಾತ್ರ ನಿಂತೇ ಇತ್ತು. ನಾವು ಹಗಲಿನಲ್ಲೂ ದೀಪ ಹಚ್ಚಿಕೊಂಡು ಹಸಿರು ಕತ್ತಲೆಯಲ್ಲಿ ಬದುಕತೊಡಗಿದೆವು. ಚಳಿಗೆ ಮನೆ ಬೆಚ್ಚಗಿಡುವ ಗ್ಯಾಸು ಉಳಿಸಲು ಹೊರಟಿದ್ದ ಕಟ್ಟಡ ವಿದ್ಯುತ್ತು ಸುಡತೊಡಗಿತು.

ಅಂಥ ಒಂದು ಭಾನುವಾರ ಎರ್ಸಿಲಿಯಾ ತನ್ನ ಬಾಲ್ಕನಿಯ ಕಟಕಟೆಯ ಮೇಲೆ ಕಾಲು ಹಾಕಿ ಹಲಗೆಗೆ ದಾಟಿದಳು. ಮಂಡಿ ನೋವಿನ ಹೆಂಗಸು! ಹೊರಗೆ ಗಾಳಿ ಇತ್ತು, ನಡೆಯಲು ಜಾಗವಿತ್ತು, ಮೆಟ್ಟಿಲಿರಲಿಲ್ಲ. ಮನೆಯೊಳಗೆ ವಾಪಸು ಹೋಗಿ ಕನ್ನಡಿಯ ಮುಂದೆ ನಿಂತು, ಒಳ್ಳೆಯ ಉಡುಪು ತೊಟ್ಟು, ಟೋಪಿ ಇಟ್ಟು, ಮತ್ತೆ ಬಂದಳು. ನಾನು ಬಚ್ಚಲಲ್ಲಿ ಸಿಕ್ಕಿಬಿದ್ದದ್ದು ಆಗಲೇ.

ಮರುವಾರ ಬಲೆಗೆ ಕತ್ತರಿ ಹಾಕಿದಳು. ದರ್ಜಿಯಾದ್ದರಿಂದ ಹರಿದು ಬಿಡಲಿಲ್ಲ. ಚೌಕವಾಗಿ ಕತ್ತರಿಸಿ, ಅಂಚು ಮಡಚಿ ಹೊಲಿದು, ಮಳೆ ಬಂದರೆ ಮುಚ್ಚಲು ಗುಂಡಿ ಇಟ್ಟ ಪರದೆ ಮಾಡಿದಳು. ಸಮುದ್ರದ ಕಡೆಗೊಂದು ಕಿಟಕಿ, ವೆಸೂವಿಯೊ ಬೆಟ್ಟದ ಕಡೆಗೊಂದು. ಮೂರನೆಯದು ಸರಿಯಾಗಿ ಸ್ಟೇಷನ್ ರಸ್ತೆಯ ಹೊಲಿಗೆ ಅಂಗಡಿಯ ಕಡೆಗೆ.

“ಅಲ್ಲೇನಿದೆ ನೋಡೋಕೆ?” ಎಂದೆ.

“ಅವನ ಅಂಗಡಿಯಿಂದ ಜನ ಎಂಥ ಪ್ಯಾಂಟು ಹಾಕ್ಕೊಂಡು ಹೊರಗೆ ಬರ್ತಾರೆ ಅಂತ ನೋಡಿದ್ರೆ ವಾರವೆಲ್ಲ ಮನಸ್ಸು ಹಗುರ ಆಗಿರುತ್ತೆ ಕಣ್ರೀ.”

ಮೊದಲು ನಾವು ನಕ್ಕೆವು. ಆಮೇಲೆ ಒಬ್ಬೊಬ್ಬರೇ ನಮ್ಮ ನಮ್ಮ ಕಿಟಕಿ ದಾಟತೊಡಗಿದೆವು. ನಾನು ಹೊಸ ಬನಿಯನ್ನು ಕೊಂಡೆ, ಅದರ ಮೇಲೆ ಅಂಗಿಯನ್ನೂ ಹಾಕಿದೆ. ಭಾನುವಾರ ಸಂಜೆ ಎರ್ಸಿಲಿಯಾ ಮುಂದೆ, ನಾನು ಒಂದು ಹೆಜ್ಜೆ ಹಿಂದೆ. ಅಕ್ಕಪಕ್ಕ ನಡೆಯುವಷ್ಟು ಅಗಲವಿರಲಿಲ್ಲ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒರಗಿ ದಾರಿ ಬಿಡಬೇಕು, ಟೋಪಿ ಎತ್ತಬೇಕು, ಮಾತಾಡಿಸಬೇಕು. ಕೆಳಗಿನ ಮಹಡಿಗಳಲ್ಲೂ ಸಂಸಾರಗಳು ನಡೆಯತೊಡಗಿದವು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎನ್ನುವುದು ಊರಿಗೆಲ್ಲ ತಿಳಿಯಿತು.

ಕಪೆಚೆ ಒಮ್ಮೆ ಏದುಸಿರು ಬಿಡುತ್ತ ಮೇಲೆ ಬಂದು ಅಬ್ಬರಿಸಿದ. “ಇದು ಕಾನೂನಿಗೆ ವಿರುದ್ಧ! ಬಿದ್ದು ಸತ್ರೆ ಯಾರು ಜವಾಬ್ದಾರಿ?”

“ಸತ್ತವರು,” ಎಂದಳು ಎರ್ಸಿಲಿಯಾ. “ಬನ್ನಿ, ಕಾಫಿ ಕುಡೀರಿ. ಸಮುದ್ರ ನೋಡಿ. ನಿಮ್ಮ ಆಫೀಸಿಂದ ಏನು ಕಾಣುತ್ತೆ ಪಾಪ, ಗ್ಯಾರೇಜು.”

ಅವನು ಹಲಗೆಯ ಮೇಲೆ ಕೂತು ಕಾಫಿ ಕುಡಿದ. ಸೂರ್ಯ ಮುಳುಗುವವರೆಗೂ ಏಳಲಿಲ್ಲ. ಮುಂದಿನ ವಾರ ಹೆಂಡತಿಯನ್ನೂ ಕರೆದುಕೊಂಡು ಬಂದ.

ಸರ್ಕಾರದ ಆ ಯೋಜನೆಯನ್ನು ಪತ್ರಿಕೆಗಳಲ್ಲಿ ಬಯ್ಯದವರಿಲ್ಲ. ಬಯ್ಯಲಿ, ನಾನೂ ಬಯ್ದಿದ್ದೇನೆ. ಖಜಾನೆಗೆ ಬಿದ್ದ ತೂತಿನಿಂದ ನನ್ನ ಪಿಂಚಣಿಯ ಮೇಲೆ ಇನ್ನೂ ಗಾಳಿ ಬೀಸುತ್ತಿದೆ. ಆದರೆ ಎರಡು ಚಳಿಗಾಲ ಮನೆಯೊಳಗೆ ಗೋಡೆ ನೋಡಿಕೊಂಡು ಕೂತಿದ್ದ ಹೆಂಗಸು ಮತ್ತೆ ತುಟಿಗೆ ಬಣ್ಣ ಹಚ್ಚಿಕೊಂಡದ್ದನ್ನು ಯಾವ ಆರ್ಥಿಕ ತಜ್ಞನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದನ್ನು ಕಂಡು ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಬಚ್ಚಲಿಗೆ ಪರದೆ ಹಾಕಿಸುವುದನ್ನೇ ಮರೆತಿದ್ದೆ.

ಒಂದು ವಸಂತಕಾಲದಲ್ಲಿ ಕಪೆಚೆ ಸುದ್ದಿ ತಂದ. ಸಾರುವೆ ವಿತಿಯೆಲ್ಲೊನದಲ್ಲ, ಅವನು ಬಾಡಿಗೆಗೆ ತಂದದ್ದು. ಅವನು ಬಾಡಿಗೆ ಕೊಡದೆ ಮತ್ತೆ ಬಿಸಿಲುಕೊಡೆಗಳ ವ್ಯಾಪಾರಕ್ಕೆ ಮರಳಿದ್ದ. ಸಾರುವೆಯ ಒಡೆಯ ಈಗ ತನ್ನ ಕಬ್ಬಿಣ ಬಿಚ್ಚಿಕೊಂಡು ಹೋಗಲು ಬರುತ್ತಾನೆ. ಮನೆಗೆ ಬೆಳಕು ಬರುತ್ತದೆಂದು ಜನರೆಲ್ಲ ಖುಷಿಯಾದರು. ಎರ್ಸಿಲಿಯಾ ಮಾತ್ರ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ರಾತ್ರಿಯೂಟಕ್ಕೆ ಕರೆದರೂ ಬರಲಿಲ್ಲ. ಆ ಹಲಗೆಗಳು ಹೋದರೆ ಆಕೆಗೆ ಉಳಿಯುವುದು ಎರಡು ಕೋಣೆ ಮತ್ತು ಆ ಮೆಟ್ಟಿಲು. ಇದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸುಮ್ಮನೆ ಕೂರುವ ಜಾಯಮಾನ ಆಕೆಯದಲ್ಲ. ಟಿವಿಯಲ್ಲಿ ಎಲ್ಲೋ ಕೇಳಿದ್ದಳು: ಕೆಲವು ಹಕ್ಕಿಗಳು ಗೂಡು ಕಟ್ಟಿದ್ದರೆ ಮರಿ ಹಾರುವವರೆಗೆ ಕಟ್ಟಡದ ಕೆಲಸ ನಿಲ್ಲಿಸಬೇಕು, ಯುರೋಪಿನ ಕಾಯಿದೆ. ವಾರದೊಳಗೆ ಸಮುದ್ರದ ಕಡೆಯ ಮೂಲೆಯಲ್ಲಿ, ಎರಡು ಕೊಳವೆಗಳು ಸೇರುವ ಕಡೆ, ಒಂದು ಗೂಡು ಪ್ರತ್ಯಕ್ಷವಾಯಿತು.

“ಬಾನಾಡಿ ಅಂತ, ಚಳಿಗಾಲಕ್ಕೆ ಆಫ್ರಿಕಾಗೆ ಹೋಗಿ ಬರುತ್ತೆ,” ಎಂದು ನನಗೆ ಪಿಸುಗುಟ್ಟಿದಳು. “ಬಹಳ ನಾಚಿಕೆ ಹಕ್ಕಿ. ಮನುಷ್ಯರಿಗೆ ಕಾಣಿಸ್ಕೊಳ್ಳಲ್ಲ.”

“ಯುರೋಪಿನ ದುಡ್ಡಲ್ಲಿ ಎದ್ದ ಸಾರುವೇನ ಯುರೋಪಿನ ಹಕ್ಕಿಯಿಂದ ಉಳಿಸ್ತೀರಾ?”

“ಎರಡೂ ಅವರದೇ ಅಲ್ವಾ? ಅವರವರೇ ಜಗಳ ಆಡ್ಕೊಳ್ಳಲಿ ಬಿಡಿ.”

ಹಕ್ಕಿಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬಳು ಅಧಿಕಾರಿ ಬಂದಳು. ಎಳೆ ವಯಸ್ಸು, ಗಂಭೀರ ಮುಖ, ಕೊರಳಲ್ಲಿ ದುರ್ಬೀನು. ಅಷ್ಟು ಹೊತ್ತಿಗೆ ಗೂಡಿನಲ್ಲಿ ನಿಜಕ್ಕೂ ಒಂದು ಹಕ್ಕಿ ಕೂತಿತ್ತು. ಕೊಬ್ಬಿದ ಊರ ಪಾರಿವಾಳ. ಅಧಿಕಾರಿ ಅದನ್ನು ನೋಡಿದಳು, ಅದೂ ಅವಳನ್ನು ನೋಡಿತು.

“ಅಮ್ಮಾ, ಪಾರಿವಾಳಕ್ಕೆ ರಕ್ಷಣೆ ಇಲ್ಲ.”

“ಅದು ಬಾಡಿಗೆಗೆ ಬಂದಿರಬೇಕು ಮಗಳೇ. ಮನೆ ಯಜಮಾನರು ಆಫ್ರಿಕಾಗೆ ಹೋಗಿದ್ದಾರೆ, ಬರ್ತಾರೆ.”

ಅಧಿಕಾರಿ ಬಗ್ಗಿ ಗೂಡಿನ ಅಂಚು ಮುಟ್ಟಿದಳು. ತುಟಿ ಕಚ್ಚಿಕೊಂಡಳು. “ಈ ಗೂಡಿಗೆ ಅಂಚು ಮಡಚಿ ಹೊಲಿಗೆ ಹಾಕಿದೆ ಅಮ್ಮಾ.”

“ಹೌದಾ! ಈಗಿನ ಹಕ್ಕಿಗಳು ಎಷ್ಟು ಮುಂದುವರಿದಿದ್ದಾವೆ ನೋಡಿ.”

ಅವಳಿಗೆ ನಗು ತಡೆಯಲಾಗಲಿಲ್ಲ. ಪಾಪ, ಒಳ್ಳೆಯವಳು, ದಂಡ ಹಾಕಲಿಲ್ಲ. ಆದರೆ ಸಾರುವೆಯೂ ಉಳಿಯಲಿಲ್ಲ. ಕಟ್ಟಡದವರ ಸಭೆಯಲ್ಲಿ ತೆಗೆಯುವುದು ಬೇಡವೆಂದು ಕೈ ಎತ್ತಿದವರು ಎರ್ಸಿಲಿಯಾ ಮತ್ತು ನಾನು, ಇಬ್ಬರೇ.

ಬಿಚ್ಚುವವರು ಬಂದರು. ಅವರ ಮೇಸ್ತ್ರಿ ಅರ್ಬೆನ್, ಅಲ್ಬೇನಿಯಾದವನು, ಬಾಗಿಲಿನಂಥ ಎದೆ. ಕೊಳವೆ, ಹಲಗೆಗಳನ್ನು ಇಳಿಸಲು ಗೋಡೆಯ ಪಕ್ಕಕ್ಕೆ ಮೋಟಾರಿನ ತೊಟ್ಟಿಲೊಂದನ್ನು ನಿಲ್ಲಿಸಿದ. ಬಿಚ್ಚುವುದು ಮೇಲಿನಿಂದ ಶುರು. ಅಂದರೆ ಮೊದಲು ಹೋಗುವುದು ನಮ್ಮ ಬೀದಿಯೇ. ನಾನು ಸಮಾಧಾನ ಹೇಳಲೆಂದು ಆಕೆಯ ಬಾಲ್ಕನಿಗೆ ಹೋದರೆ ಎರ್ಸಿಲಿಯಾ ಟೋಪಿ ಇಟ್ಟುಕೊಂಡು, ಕೈಗವಸು ತೊಟ್ಟು, ಕುಂಡದಿಂದ ಕೊಯ್ದ ಜೆರೇನಿಯಂ ಹೂಗಳನ್ನು ಕಟ್ಟಿ ಹಿಡಿದು, ತೊಟ್ಟಿಲ ಮುಂದೆ ನಿಂತಿದ್ದಳು. ಅರ್ಬೆನ್ ಎರಡೂ ಕೈ ಅಡ್ಡ ಹಿಡಿದಿದ್ದ.

“ಆಗಲ್ಲಮ್ಮ. ಇದು ಕಬ್ಬಿಣಕ್ಕೆ, ಮನುಷ್ಯರಿಗಲ್ಲ.”

“ನಾನು ಕಬ್ಬಿಣಕ್ಕಿಂತ ಹಗುರ ಇದ್ದೀನಪ್ಪ.”

“ಮೆಟ್ಟಿಲಿದೆಯಲ್ಲ!”

ಆಕೆ ಮೊದಲ ಬಾರಿಗೆ ಮಂಡಿಯ ಮಾತೆತ್ತಲಿಲ್ಲ. “ಆ ಮೆಟ್ಟಿಲಲ್ಲಿ ನಮ್ಮಕ್ಕನ್ನ ಹೊತ್ಕೊಂಡು ಹೋದ್ರು. ನಂಗೆ ಅದನ್ನ ಇಳಿಯೋಕಾಗಲ್ಲ. ಅವಳ ಸಮಾಧಿ ನಾನಿನ್ನೂ ನೋಡಿಲ್ಲ. ನೀನು ಇವತ್ತು ಇಳಿಸದಿದ್ರೆ ನಾನು ಇನ್ನು ಇಳಿಯೋದು ಸತ್ತ ಮೇಲೇನೆ.”

ಅರ್ಬೆನ್ ನನ್ನ ಮುಖ ನೋಡಿದ. ಆಗಲಿ ಎಂದು ನಾನು ತಲೆಯಾಡಿಸಿದೆ. ಅವನು ತನ್ನ ಹೆಲ್ಮೆಟ್ಟು ತೆಗೆದು ಆಕೆಯ ಟೋಪಿಯ ಮೇಲೇ ಕೂರಿಸಿದ, ಸೊಂಟಕ್ಕೆ ತನ್ನ ಬೆಲ್ಟು ಬಿಗಿದ, ತಾನೂ ಪಕ್ಕದಲ್ಲಿ ನಿಂತು ಗುಂಡಿ ಒತ್ತಿದ. ತೊಟ್ಟಿಲು ಗೊರಗೊರ ಎನ್ನುತ್ತ ಇಳಿಯಿತು. ಪ್ರತಿ ಮಹಡಿಯ ಕಿಟಕಿಗೂ ಆಕೆ ಕೈ ಬೀಸಿದಳು. ಕೆಳಗೆ ಕಾಫಿ ಬಾರಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಮೆಟ್ಟಿಲುಗಳಲ್ಲಿ ಬಿದ್ದು ಎದ್ದು ಓಡಿ, ಆಕೆ ನೆಲ ಮುಟ್ಟುವಷ್ಟರಲ್ಲಿ ಹೋಗಿ ತೋಳು ನೀಡಿದೆ.

ಸ್ಮಶಾನದಲ್ಲಿ ಆಕೆ ಬಹಳ ಹೊತ್ತು ಅಕ್ಕನ ಜೊತೆ ಮಾತಾಡಿದಳು. ನಾನು ದೂರ ನಿಂತಿದ್ದೆ. ಸ್ಟೇಷನ್ ರಸ್ತೆಯ ಅಂಗಡಿಯವನ ಹೆಸರು ಎರಡು ಸಲ ಕೇಳಿಸಿತು, ನಗುವೂ ಕೇಳಿಸಿತು.

ವಾಪಸು ಬರುವಷ್ಟರಲ್ಲಿ ಅರ್ಬೆನ್‌ನ ದಿನದ ಕೆಲಸ ಮುಗಿದಿತ್ತು. ನಮ್ಮ ಮಹಡಿಯ ಹಲಗೆಗಳೆಲ್ಲ ಲಾರಿ ಹತ್ತಿಹೋಗಿದ್ದವು. ತೊಟ್ಟಿಲು ಇನ್ನು ನಾಲ್ಕನೇ ಮಹಡಿಯವರೆಗೆ ಏರುವಂತಿರಲಿಲ್ಲ. ಇಳಿಯುವ ಸಡಗರದಲ್ಲಿ ಹತ್ತುವುದು ಹೇಗೆಂದು ನಾವಿಬ್ಬರೂ ಯೋಚಿಸಿರಲಿಲ್ಲ.

“ಇವತ್ತು ರಾತ್ರಿ ನನ್ನ ತಂಗಿ ಮನೇಲಿ ಇರಬಹುದು,” ಎಂದೆ. “ನಾಳೆ ಏನಾದ್ರೂ ದಾರಿ...”

ಎರ್ಸಿಲಿಯಾ ಮೆಟ್ಟಿಲ ಬುಡದಲ್ಲಿ ಕಂಬಿ ಹಿಡಿದು ನಿಂತಿದ್ದಳು. “ಅವಳು ಇಳಿದದ್ದು,” ಎಂದಳು ಮೆಲ್ಲಗೆ. “ಹತ್ತೋಕೆ ಅವಳನ್ನ ಬಿಡಲಿಲ್ಲ ಅಷ್ಟೇ. ಹತ್ತೋದು ನನ್ನ ಕೈಲಾಗುತ್ತೆ.” ಎಂದವಳು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.

ಒಂದೊಂದು ತಿರುವಿಗೂ ನಿಂತಳು, ಅರ್ಬೆನ್‌ನಿಂದ ಹಿಡಿದು ಬ್ರಸೆಲ್ಸಿನವರೆಗೆ ಎಲ್ಲರನ್ನೂ ಬಯ್ದಳು. ಕೊನೆಯ ತಿರುವಿನಲ್ಲಿ ಕಂಬಿ ಬಿಡದೆ ನನ್ನ ಕಡೆ ತಿರುಗಿದಳು.

“ದೊನ್ ಎತ್ತೊರೆ, ನೀವು ಮೇಲೆ ಹೋಗಿ ನನ್ನ ಬಾಗಿಲಲ್ಲಿ ನಿಂತ್ಕೊಳ್ತೀರಾ?”

ಹೋಗಿ ನಿಂತೆ. ಆಕೆ ಕೆಳಗಿನಿಂದ ಕತ್ತೆತ್ತಿ ನೋಡಿದಳು.

“ಅವತ್ತು ಇಲ್ಲಿ ಬಂದಾಗ ಅಕ್ಕ ತಿರುಗಿ ನೋಡಿದ್ಳು. ನಾನು ಕೈ ಎತ್ತಿದ್ದೆ. ಅವಳಿಗೆ ಕಾಣಿಸ್ಲಿಲ್ವೇನೋ, ನಾನು ಒಳಗೆ ಹೋಗ್ಬಿಟ್ಟೆ ಅಂದ್ಕೊಂಡಳೇನೋ ಅಂತ ಇಷ್ಟು ವರ್ಷ...” ಕಂಬಿಯ ಮೇಲೆ ಮುಂದಕ್ಕೆ ಬಗ್ಗಿದಳು. “ಕೈ ಎತ್ತಿ ನೋಡೋಣ.”

ನಾನು ಕೈ ಎತ್ತಿದೆ.

“ಕಾಣುತ್ತೆ,” ಎಂದಳು. “ಬೆರಳೂ ಕಾಣುತ್ತೆ ಕಣ್ರೀ.”

ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಮೇಲೆ ಬಾಗಿಲಲ್ಲಿ ಎತ್ತಿದ ಕೈ ಇಳಿಸುವುದೋ ಬೇಡವೋ ತಿಳಿಯದೆ ಹಾಗೇ ನಿಂತು ಅತ್ತೆ. ಸ್ವಲ್ಪ ಹೊತ್ತಿಗೆ ಆಕೆ ಮೂಗು ಒರೆಸಿಕೊಂಡು ಕೆಳಗಿನ ಮೆಟ್ಟಿಲುಗಳ ಕಡೆ ಒಮ್ಮೆ ನೋಡಿದಳು.

“ಭಾನುವಾರ ಐದು ಗಂಟೆಗೆ ರೆಡಿಯಾಗಿರಿ,” ಎಂದಳು. “ಮುಖ್ಯಬೀದಿಗೆ ಹೋಗೋಣ. ಅಲ್ಲಿ ಅಕ್ಕಪಕ್ಕ ನಡೆಯೋಕೆ ಜಾಗ ಇದೆ.”